ಡಾಕ್ಟರು ತಲೆ ಬಗ್ಗಿಸಿದರೆ ಅತ್ತೆಯ ಕೈ ಏಳುತ್ತದೆ

ನಕ್ಕು ನಕ್ಕು ನನ್ನ ಹೊಟ್ಟೆ ಇನ್ನೂ ನೋಯುತ್ತಿದೆ, ಗೆಳೆಯರೇ. ಬೆಳಿಗ್ಗೆ ನಡುವಟ್ಟಂನಿಂದ ನಮ್ಮತ್ತೆಯನ್ನು ಗೂಡಲೂರಿನ ಬ್ರೌಸಿಂಗ್ ಸೆಂಟರಿಗೆ ಕರೆದೊಯ್ದಿದ್ದೆ. ಟೀ ಎಲೆ ಕಿತ್ತು ಕಿತ್ತು ಅವರ ಬಲಭುಜ ಹಿಡಿದುಕೊಂಡಿದೆ. ಇನ್ನು ತೋಟ ಬಿಡಬೇಕಾದೀತೆಂಬ ಭಯ ಬೇರೆ. ಮೈಸೂರಿನ ಫಿಸಿಯೋ ಡಾಕ್ಟರು ವೆಬ್‌ಕ್ಯಾಮಿನಲ್ಲೇ ನೋಡುತ್ತೇನೆಂದಿದ್ದರು.

"ಅಮ್ಮಾ, ಕೈ ಮೇಲಕ್ಕೆತ್ತಿ."

ಕೈ ಎದೆಮಟ್ಟದಲ್ಲೇ ನಿಂತಿತು. "ಪ್ರಾಣ ಹೋದರೂ ಇದು ಮೇಲೇಳದು ತಂಬಿ." ಕಿರಿಯರೆಲ್ಲ ಅತ್ತೆಗೆ ತಂಬಿ, ಅಂದರೆ ತಮ್ಮ.

ಅದನ್ನು ಬರೆದುಕೊಳ್ಳಲು ಡಾಕ್ಟರು ತಲೆ ಬಗ್ಗಿಸಿದರು. ನಮ್ಮ ಹಟ್ಟಿಯಲ್ಲಿ ಚಿಕ್ಕವರು ತಲೆ ಬಾಗಿದರೆ ಹಿರಿಯರು ನೆತ್ತಿ ಮುಟ್ಟಿ ಹರಸಲೇಬೇಕು. ಕುಳ್ಳ ಸ್ಟೂಲಿನಲ್ಲಿದ್ದ ಅತ್ತೆಯ ಬಲಗೈ ಸರ್ರನೆ ಎದ್ದು, ಎತ್ತರದ ಪರದೆಯಲ್ಲಿದ್ದ ಡಾಕ್ಟರ ನೆತ್ತಿಯ ಮೇಲೆ ಕೂತಿತು!

"ಚೆನ್ನಾಗಿ ಬಾಳು ತಂಬಿ!"

"ಡಾಕ್ಟ್ರೇ, ಕೈ ಎದ್ದಿತು!" ಎಂದು ನಾನು ಕಿರುಚಿದೆ. ಅವರು ತಲೆಯೆತ್ತುವಷ್ಟರಲ್ಲಿ ಕೈ ಮಡಿಲಿಗೆ ಮರಳಿತ್ತು.

"ನಾನು ನೋಡ್ಲೇ ಇಲ್ವಲ್ಲ! ಅಮ್ಮಾ, ಇನ್ನೊಂದ್ಸಲ ಮಾಡಿ."

"ನೀ ಮೊದಲು ತಲೆ ಬಗ್ಗಿಸು."

ಪಾಪ, ಬಗ್ಗಿಸಿದರು. ಕೈ ಎದ್ದಿತು. "ಈಗ ಎದ್ದಿದ್ಯಾ?" ಎಂದು ಮೇಜು ನೋಡುತ್ತಲೇ ಕೇಳಿದರು. ಸೆಂಟರಿನಲ್ಲಿದ್ದವರೆಲ್ಲ ಒಟ್ಟಿಗೇ "ಎದ್ದಿದೆ!" ಎಂದು ಕೂಗಿದೆವು.

ಕೊನೆಗೆ ಡಾಕ್ಟರೇ ಸೋತರು. "ಮೈಸೂರಿಗೇ ಕರ್ಕೊಂಡ್ ಬನ್ನಿ. ಭುಜ ಮುಟ್ಟಿ ನೋಡ್ಬೇಕು."

ಬಸ್ಸಿನಲ್ಲಿ ಅತ್ತೆ ಗಂಭೀರವಾಗಿ ಹೇಳಿದರು: "ಹೋಗಲೇಬೇಕು. ಗಾಜಿಗೆ ಹರಸಿದ್ದು ಆ ತಂಬಿಗೆ ಮುಟ್ಟಿತೋ ಇಲ್ಲವೋ."

ಡಾಕ್ಟರಿಗೆ ಅತ್ತೆಯ ಭುಜ ಮುಟ್ಟಬೇಕು, ಅತ್ತೆಗೆ ಡಾಕ್ಟರ ತಲೆ ಮುಟ್ಟಬೇಕು. ಮೈಸೂರಿನಲ್ಲಿ ಯಾರು ಯಾರನ್ನು ಮೊದಲು ಪರೀಕ್ಷಿಸುತ್ತಾರೋ ಕಾಣೆ!