ಮೂರನೆಯ ಪ್ಲಗ್ಗಿನ ವಯರು

ಅಪ್ಪ ತೀರಿಕೊಂಡ ಮೇಲೆ ಅವರ ಹಳೆಯ ಕಾರನ್ನು ಭದ್ರಾವತಿಯ ಕ್ವಾರ್ಟರ್ಸಿನಿಂದ ಶಿವಮೊಗ್ಗದ ನನ್ನ ಮನೆಗೆ ತಂದೆ. ಅವತ್ತಿನಿಂದ ದಿನಾ ಬೆಳಿಗ್ಗೆ ಎಂಜಿನ್ ಕೆಮ್ಮುತ್ತ, ಗಡಗಡ ನಡುಗುತ್ತಲೇ ಚಾಲೂ ಆಗುತ್ತಿತ್ತು. ಕಾರ್ಬ್ಯುರೇಟರ್ ತೊಳೆಸಿದೆ, ಪ್ಲಗ್ಗುಗಳನ್ನೆಲ್ಲ ಬದಲಿಸಿದೆ. ಸವಳಂಗ ರಸ್ತೆಯ ಮುದುಕ ಮೆಕ್ಯಾನಿಕ್ ಮೇಲೆ ರೇಗಿದ್ದೂ ಆಯಿತು.

ಅವರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿಯಿಟ್ಟು ಕೇಳಿದರು. "ಮೂರನೇ ಪ್ಲಗ್ ವಯರು ಮತ್ತೆ ಕಳಚಿದೆ ಸಾರ್. ನಿನ್ನೆ ನಾನೇ ಬಿಗಿಯಾಗಿ ಕೂರಿಸಿದ್ದೆ. ಇದು ತಾನಾಗೇ ಬರಲ್ಲ, ಯಾರೋ ಕೀಳ್ತಿದಾರೆ."

ನನಗೆ ಅಪ್ಪ ನೆನಪಾದರು. ಕಾರು ನಿಲ್ಲಿಸಿದಾಗಲೆಲ್ಲ ಆ ಮೂರನೆಯ ವಯರನ್ನೇ ಕಿತ್ತಿಡುವುದು ಅಪ್ಪನ ರೂಢಿಯಾಗಿತ್ತು. "ಕದಿಯೋಕೆ ಬಂದೋನು ಗುಜರಿ ಅಂದ್ಕೊಂಡು ಬಿಟ್ಟು ಹೋಗ್ಲಿ" ಎನ್ನುತ್ತಿದ್ದರು.

ಅವತ್ತೇ ವಯರನ್ನು ಮತ್ತೆ ಕೂರಿಸಿಕೊಂಡು ಬಂದು, ಕಾರು ನಿಲ್ಲಿಸುವ ಶೆಡ್ಡಿಗೆ ಹೊಸ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಬಳಿಯೇ ಇಟ್ಟುಕೊಂಡೆ. ಮರುದಿನ ಬೆಳಿಗ್ಗೆ ಬೀಗ ಹಾಕಿದ ಹಾಗೇ ಇತ್ತು. ಎಂಜಿನ್ ಮಾತ್ರ ಮತ್ತೆ ಕೆಮ್ಮಿತು. ಬಾನೆಟ್ ಎತ್ತಲು ಧೈರ್ಯ ಬರದೆ ಹೆಂಡತಿಯನ್ನು ಕೂಗಿದೆ. "ಶೆಡ್ಡಿಗೆ ಯಾರು ಬಂದಿದ್ರು?"

"ಯಾರ್ ಬರ್ತಾರೆ ಮಾರಾಯ್ರೆ? ದಿನಾ ಸಂಜೆ ಕಾರು ನಿಲ್ಲಿಸಿದ ಕೂಡ್ಲೇ ಬಾನೆಟ್ ಎತ್ತೋದು ನೀವೇ ಅಲ್ವಾ?"

ನಾನು ಕೈ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಕರಿ ಕೂತಿತ್ತು, ಅಪ್ಪನ ಉಗುರುಗಳಲ್ಲಿ ಇರುತ್ತಿದ್ದಂತೆಯೇ.