ನೀರು ನೋಡಿದ್ದಿಲ್ಲೇನು, ಹನುಮಂತ?

ನನ್ನ ಅಣ್ಣನ ಕಾರಿನ ಎಂಜಿನ್ ಕೆಡಿಸಿದವನು ನಾನು. ಡ್ರೈವರ್ ಹನುಮಂತನಲ್ಲ. ಏಳು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಇಷ್ಟೇ— ಬರೆದರೆ ಒಂದು ಸಾಲೂ ತುಂಬುವುದಿಲ್ಲ.

ಇದನ್ನು ಬರೆಯುತ್ತಿರುವುದು ಎದೆ ಹಗುರ ಮಾಡಿಕೊಳ್ಳಲಿಕ್ಕಲ್ಲ. ಬರುವ ಭಾನುವಾರ ಬೆಳಿಗ್ಗೆ ಮಾನ್ವಿಯಲ್ಲಿ ಬಾಡಿಗೆ ಕಾರುಗಳು ನಿಲ್ಲುವ ಜಾಗಕ್ಕೆ ಹೋಗಿ, ಅಲ್ಲಿನ ಡ್ರೈವರುಗಳ ಎದುರು ನಿಂತು ಓದಲಿಕ್ಕೆ. ಕಾಗದವಿಲ್ಲದೆ ಹೇಳಲು ಹೊರಟರೆ ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆಯಿಲ್ಲ. ಅದು ಎಂಥ ನಾಲಿಗೆ ಎಂದು ಈಗ ಹೇಳುತ್ತೇನೆ.

ನಾನು ರಾಯಚೂರಿನಲ್ಲಿ ಐಟಿಐ ಮಾಸ್ತರ. ಎಂಜಿನ್ ಬಿಚ್ಚುವುದು, ಜೋಡಿಸುವುದು— ಇಪ್ಪತ್ತು ವರ್ಷ ಇದೇ ಪಾಠ. ಅಣ್ಣ ವೀರಭದ್ರಪ್ಪನದು ಮಾನ್ವಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಅವನ ಡೀಸೆಲ್ ಕಾರನ್ನು ನಡೆಸುತ್ತಿದ್ದವನು ಪೋತ್ನಾಳದ ಹನುಮಂತ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನಾನು ಮಾತ್ರ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಅವನು ನನ್ನನ್ನು ‘ಸರ’ ಎನ್ನುತ್ತಿದ್ದ. ಇದರಲ್ಲಿ ತಪ್ಪೇನಿದೆ ಎಂದು ಆಗ ಒಮ್ಮೆಯೂ ಅನಿಸಿರಲಿಲ್ಲ.

ಆ ಕಾರಿನ ಟೈಮಿಂಗ್ ಬೆಲ್ಟ್ ಬದಲಿಸುವ ಸಮಯ ಬಂದಿತ್ತು. ಎಂಜಿನ್ನಿನ ಮೇಲಿನ ಚಕ್ರವನ್ನೂ ಕೆಳಗಿನ ಚಕ್ರವನ್ನೂ ಒಂದೇ ಲಯದಲ್ಲಿ ತಿರುಗಿಸುವ ಹಲ್ಲಿನ ಪಟ್ಟಿ ಅದು. ವಾಟರ್ ಪಂಪನ್ನು ತಿರುಗಿಸುವುದೂ ಅದೇ, ಹಾಗಾಗಿ ಬಿಚ್ಚಿದಾಗ ಎರಡನ್ನೂ ಒಟ್ಟಿಗೆ ಹೊಸದು ಹಾಕುತ್ತಾರೆ. ಅಣ್ಣ ಗ್ಯಾರೇಜಿಗೆ ಬಿಡಲು ಹೊರಟಿದ್ದ. ನಾನೇ ತಡೆದೆ. “ಮನ್ಯಾಗ ಮಾಸ್ತರ ಇದ್ದಾಗ ಗ್ಯಾರೇಜ್ ಯಾಕ?” ಎಂದೆ. ಅಣ್ಣನಿಗೆ ಹೆಮ್ಮೆಯಾಯಿತು. ನನಗೆ ಅದಕ್ಕಿಂತ ಹೆಚ್ಚು.

ಅವತ್ತು ಸೋಮವಾರ, ರಜೆಯಿತ್ತು. ಅಣ್ಣನೂ ಹನುಮಂತನೂ ಕಾರನ್ನು ರಾಯಚೂರಿನ ನನ್ನ ಮನೆಗೆ ತಂದರು. ಪೂಜೆ ಮುಗಿಸಿ ಹಾಗೇ ಅಂಗಳಕ್ಕೆ ಬಂದವನು, ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಕೆಲಸಕ್ಕೆ ಕೂತೆ. ಹಳೆಯ ಬೆಲ್ಟ್ ತೆಗೆಯುವ ಮುಂಚೆ ಎರಡೂ ಚಕ್ರಗಳ ಮೇಲೆ ಬಿಳಿ ಬಣ್ಣದ ಗುರುತು ಹಾಕಬೇಕು, ಹೊಸದನ್ನು ಕೂರಿಸುವಾಗ ಅದಕ್ಕೆ ಹೊಂದಿಸಬೇಕು. ಬಣ್ಣದ ಡಬ್ಬಿ ತೆರೆದರೆ ಒಣಗಿ ಕಲ್ಲಾಗಿತ್ತು. ಬಣ್ಣದ ಅಂಗಡಿ ಎರಡು ಓಣಿ ಆಚೆ. ಎದ್ದು ಹೋಗಲು ಮನಸ್ಸಾಗಲಿಲ್ಲ. ಜಗುಲಿಯ ಮೇಲೆ ವಿಭೂತಿ ಗಟ್ಟಿ ಇತ್ತು— ನೀರಲ್ಲಿ ತೇಯ್ದು, ಬೆರಳಿನಿಂದ ಎರಡು ಚಕ್ರಕ್ಕೂ ಒಂದೊಂದು ಗೆರೆ ಎಳೆದೆ. ಒಣಗಿದ ಮೇಲೆ ಚೆನ್ನಾಗಿ ಬಿಳಿಯಾಗಿ ಕಂಡಿತು. ಶಿವನ ಹೆಸರಿನ ಗುರುತು, ತಪ್ಪುವುದುಂಟೆ ಎಂದು ಅಣ್ಣನೆದುರು ಚೇಷ್ಟೆಯನ್ನೂ ಮಾಡಿದೆ.

ಹಳೆಯ ಪಂಪ್ ಬಿಚ್ಚಿದಾಗ ಒಳಗೆ ಉಳಿದಿದ್ದ ನೀರೆಲ್ಲ ಬುಸಕ್ಕನೆ ಕೆಳಗಿನ ಚಕ್ರದ ಮೇಲೆ ಬಿತ್ತು. ಬಟ್ಟೆ ತೆಗೆದುಕೊಂಡು ಎಲ್ಲವನ್ನೂ ಒರೆಸಿದೆ. ಕೈ ಎತ್ತಿದ ಮೇಲೆ ನೋಡುತ್ತೇನೆ— ಕೆಳಗೂ ಗುರುತಿಲ್ಲ, ಮೇಲೂ ಗುರುತಿಲ್ಲ. ಕಂಪನಿಯವರೇ ಕೊರೆದ ಸಣ್ಣ ಗುರುತು ಇರುತ್ತದೆ, ಜಿಡ್ಡು ಉಜ್ಜಿ ಹುಡುಕಬೇಕಿತ್ತು. ನಾನು ಅಂದಾಜಿನಲ್ಲಿ ಕೂರಿಸಿದೆ. ಅಷ್ಟಾದರೂ ಉಳಿಯುವ ದಾರಿಯೊಂದಿತ್ತು. ಕೀಲಿ ತಿರುಗಿಸುವ ಮುನ್ನ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಬೇಕು. ತಪ್ಪಿದ್ದರೆ ಅಲ್ಲೇ ತಿಳಿಯುತ್ತದೆ. ಇದನ್ನು ಪ್ರತಿ ವರ್ಷ ಹೊಸ ತರಗತಿಗೆ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವವನು ನಾನೇ. ಆದರೆ ಅಣ್ಣ ಪಕ್ಕದಲ್ಲಿ ನಿಂತು “ಮುಗೀತೇನೋ ತಮ್ಮಾ?” ಎಂದು ಮೂರು ಸಲ ಕೇಳಿದ್ದ, ನಾನು ಕೀಲಿ ತಿರುಗಿಸಿಬಿಟ್ಟೆ.

ಎಂಜಿನ್ ಹತ್ತಿತು. ಅಣ್ಣ ನನ್ನ ಬೆನ್ನು ಚಪ್ಪರಿಸಿದ. ಹನುಮಂತ ಮಾತ್ರ ಬಾನೆಟ್ಟಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಬಹಳ ಹೊತ್ತು ಆಲಿಸಿದ.

“ಸರ, ಇದರ ದನಿ ಬ್ಯಾರೆ ಆಗ್ಯಾದ್ರಿ. ಇನ್ನೊಮ್ಮಿ ಬಿಚ್ಚಿ ನೋಡ್ತೀರೇನು?”

“ಲೇ ಹನುಮಂತ, ನಾ ಪಾಠ ಮಾಡೂದೇ ಇದನ್ನ. ಹೊಸಾ ಬೆಲ್ಟು, ಎರಡು ದಿನಕ್ಕ ಸೆಟ್ ಆಗ್ತದ.”

ನನಗೂ ಆ ದನಿ ಬೇರೆಯೇ ಕೇಳಿಸಿತ್ತು. ಇದನ್ನು ಓದುವಾಗ ನನ್ನ ಧ್ವನಿ ಇಲ್ಲಿ ಇಳಿಯಬಾರದು— ನನಗೂ ಕೇಳಿಸಿತ್ತು.

ಐದನೆಯ ದಿನ ಅಣ್ಣನ ಮಗಳು ಶಿಲ್ಪಾಳಿಗೆ ರಾಯಚೂರಿನಲ್ಲಿ ಶಿಕ್ಷಕರ ನೇಮಕಾತಿಯ ಪರೀಕ್ಷೆ. ಅಣ್ಣನೂ ಅವಳೂ ಬೆಳಿಗ್ಗೆ ಮಾನ್ವಿಯಿಂದ ಹೊರಟರು. ಕಲ್ಲೂರು ದಾಟಿದ ಮೇಲೆ ಬೆಲ್ಟ್ ಹಲ್ಲು ಹಾರಿ, ಒಳಗಿನ ಭಾಗಗಳು ಒಂದಕ್ಕೊಂದು ಬಡಿದು, ಎಂಜಿನ್ ನಿಂತುಹೋಯಿತು. ಹನುಮಂತ ಓಡುವ ಕಾರನ್ನು ನಾಜೂಕಾಗಿ ರಸ್ತೆಯ ಬದಿಗೆ ತಂದ, ಯಾರಿಗೂ ಒಂದು ಗೀರೂ ಆಗಲಿಲ್ಲ. ಅಣ್ಣನ ಜೊತೆ ಬಸ್ಸು ಹಿಡಿದು ಶಿಲ್ಪಾ ಬಂದು ಮುಟ್ಟುವಷ್ಟರಲ್ಲಿ ಪರೀಕ್ಷಾ ಕೇಂದ್ರದ ಗೇಟು ಮುಚ್ಚಿತ್ತು. ಅವಳನ್ನು ಕರೆದುಕೊಂಡು ಅಣ್ಣ ಮತ್ತೆ ಕಾರು ನಿಂತಲ್ಲಿಗೆ ಹೋದ. ನಾನೂ ಮೋಟರ್ ಸೈಕಲ್ ಮೇಲೆ ಅಲ್ಲಿಗೆ ಓಡಿದೆ. ಶಿಲ್ಪಾ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. ಅಣ್ಣನ ಮುಖ ಕೆಂಡವಾಗಿತ್ತು. “ಏನಾತಿದು?” ಎಂದು ಅವನು ನನ್ನನ್ನೇ ಕೇಳಿದ.

ನಾನು ಬಾನೆಟ್ ಎತ್ತಿದೆ. ಏನಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯಿತು. ಆಮೇಲೆ ತಲೆ ಎತ್ತಿ ಕೇಳಿದೆ:

“ಬೆಳಿಗ್ಗಿ ನೀರು ನೋಡಿದ್ದಿಲ್ಲೇನು, ಹನುಮಂತ?”

ಅಷ್ಟೇ. ನಾನು ಸುಳ್ಳು ಹೇಳಲಿಲ್ಲ— ಪ್ರಶ್ನೆ ಕೇಳಿದೆ. ಏಳು ವರ್ಷ ಇದೇ ಸಮಾಧಾನದಲ್ಲಿ ಉಂಡಿದ್ದೇನೆ, ಮಲಗಿದ್ದೇನೆ. ರೇಡಿಯೇಟರಿನಲ್ಲಿ ನೀರಿಲ್ಲದಿದ್ದರೆ ಎಂಜಿನ್ ಕಾದು ಕೆಡುತ್ತದೆ, ಅದನ್ನು ನೋಡಬೇಕಾದವನು ಡ್ರೈವರ್. ಮಾಸ್ತರನೇ ಕೇಳಿದ ಮೇಲೆ ಇನ್ನೇನು, ಎಲ್ಲರ ಕಣ್ಣೂ ಹನುಮಂತನ ಕಡೆ ಹೊರಳಿದವು. “ನೋಡೀನ್ರಿ” ಎಂದ ಅವನು. ಶಿಲ್ಪಾ ಅಳು ನಿಲ್ಲಿಸಿ, “ಹೌದು ಕಾಕಾ, ಬಾನೆಟ್ ಎತ್ತಿ ನೀರು ಹಾಕಿದ್ದನ್ನ ನಾನ ನೋಡೀನಿ” ಎಂದಳು. ಆಗಲಾದರೂ ನಾನು ಬಾಯಿ ಮುಚ್ಚಬಹುದಿತ್ತು. “ಅದು ಗ್ಲಾಸ್ ತೊಳಿಯೋ ನೀರು ಇರಬೇಕವ್ವಾ” ಎಂದೆ. ಆ ಹುಡುಗಿಯ ಸಾಕ್ಷಿಯನ್ನೂ ಒರೆಸಿಹಾಕಿದೆ.

ಹನುಮಂತ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ಆ ದಿನ ಅಂಗಳದಲ್ಲಿ ಎಂಜಿನ್ ಆಲಿಸಿದಂತೆಯೇ ನನ್ನನ್ನೂ ಸ್ವಲ್ಪ ಹೊತ್ತು ಆಲಿಸಿದ ಅನಿಸಿತು. ಆಮೇಲೆ ಕೀಲಿಯನ್ನು ಅಣ್ಣನ ಕೈಗೆ ಕೊಟ್ಟು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಮಾನ್ವಿಯ ಕಡೆ ನಡೆದುಹೋದ.

ಕಾರನ್ನು ನನ್ನ ಮನೆಗೇ ಎಳೆಸಿಕೊಂಡು ಬಂದೆ, ಬೇರೆಯವರು ಬಿಚ್ಚಿ ನೋಡಬಾರದಲ್ಲ! ಬೆಲ್ಟ್ ತನ್ನ ಜಾಗ ಬಿಟ್ಟು ಜಾರಿದ್ದನ್ನು ಕಣ್ಣಾರೆ ಕಂಡೆ. ನೀರು ತುಂಬಿಯೇ ಇತ್ತು. ಅದನ್ನು ಬಕೆಟ್ಟಿಗೆ ಬಸಿದು ಬೇವಿನ ಬುಡಕ್ಕೆ ಚೆಲ್ಲಿದೆ. ಅಣ್ಣನಿಗೆ ಫೋನ್ ಮಾಡಿ, ಹೀಟಾಗಿ ಹೋಗಿದೆ ಎಂದೆ. ಈ ಸಲ ಪ್ರಶ್ನೆಯಾಗಿ ಕೇಳಲಿಲ್ಲ, ನೇರವಾಗಿಯೇ ಹೇಳಿದೆ.

ಶಿಲ್ಪಾಳಿಗೆ ಆ ಪರೀಕ್ಷೆ ಮತ್ತೆ ಬಂತು. ಈಗ ಅವಳು ಮಲ್ಲಟದ ಶಾಲೆಯಲ್ಲಿ ಟೀಚರ್. ಹನುಮಂತನಿಗೆ ಮಾತ್ರ ಅವನ ಹೆಸರು ಮತ್ತೆ ಸಿಗಲಿಲ್ಲ. ಮಾನ್ವಿಯ ಡ್ರೈವರುಗಳು ‘ನೀರು ನೋಡದ ಹನುಮಂತ’ ಎಂದು ಹೆಸರಿಟ್ಟರು. ಅವನು ಗುಂಪಿನೊಳಗೆ ಬಂದರೆ ಯಾರೋ ಒಬ್ಬ ಚೊಂಬು ಎತ್ತಿ ತೋರಿಸುತ್ತಿದ್ದನಂತೆ, ಉಳಿದವರು ನಗುತ್ತಿದ್ದರಂತೆ. ಯಾರೂ ಅವನ ಕೈಗೆ ಕಾರು ಕೊಡಲಿಲ್ಲ. ಒಂದು ವರ್ಷ ನೋಡಿ ಅವನು ಊರು ಬಿಟ್ಟ ಸುದ್ದಿ ಬಂತು. ನಿಜ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ಅಣ್ಣನ ಮನೆಗೆ ಹೋದಾಗ ದಾರಿಯಲ್ಲಿ ಇನ್ನು ಅವನು ಎದುರಾಗುವುದಿಲ್ಲ ಎಂದು.

ಎದುರಾದ. ಹೋದ ತಿಂಗಳು ವಿದ್ಯಾರ್ಥಿಗಳ ತರಬೇತಿಯ ವಿಷಯ ಮಾತಾಡಲು ದೇವದುರ್ಗದ ಒಂದು ಹತ್ತಿ ಮಿಲ್ಲಿಗೆ ಹೋಗಿದ್ದೆ. ಕೆಲಸ ಮುಗಿಸಿ ಹೊರಡುವಾಗ ಗೇಟಿನ ಹತ್ತಿರ ಮುಂದೆ ಒಂದು ಲಾರಿ, ಹಿಂದೆ ನನ್ನ ಕಾರು. ವಾಚ್‌ಮನ್ ಲಾರಿಯ ಡ್ರೈವರನನ್ನು ಏನೋ ಕೇಳಿ ಗೇಟು ತೆಗೆದ. ಆಮೇಲೆ ನನ್ನ ಕಿಟಕಿಗೆ ಬಂದು ಬಾಗಿದ— ಹನುಮಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದ— ಕಣ್ಣಲ್ಲೇ ತಿಳಿಯಿತು. ಎಲ್ಲರನ್ನೂ ಕೇಳುವಂತೆಯೇ ನನ್ನನ್ನೂ ಕೇಳಿದ:

“ಸರ, ನೀರು ನೋಡೀರೇನ್ರಿ?”

ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಆಮೇಲೆ ಮಿಲ್ಲಿನವರನ್ನು ವಿಚಾರಿಸಿದೆ, ಆ ಗೇಟು ದಾಟುವ ಪ್ರತಿ ಗಾಡಿಯವರನ್ನೂ ಅವನು ಅದನ್ನೇ ಕೇಳುತ್ತಾನಂತೆ, ಪಕ್ಕದಲ್ಲಿ ಒಂದು ಕೊಡ ತುಂಬಿಸಿಯೂ ಇಟ್ಟಿದ್ದಾನೆ. “ನೋಡೀನಿ” ಎಂದು ಹೇಳಿ ಗಾಡಿ ಬಿಟ್ಟುಕೊಂಡು ಬಂದೆ. ಅವತ್ತು ನಾನು ನೋಡಿರಲಿಲ್ಲ. ಅವನೆದುರು ಅದು ಇನ್ನೊಂದು ಸುಳ್ಳು.

ಮೊನ್ನೆ ಅಣ್ಣನಿಗೆ ಎಲ್ಲ ಹೇಳಿದೆ. ಅವನು ಎದ್ದು ಬಾಗಿಲು ಹಾಕಿ ಬಂದ. ಆಮೇಲೆ, “ಏಳು ವರ್ಷ ಆತಲ್ಲೋ ತಮ್ಮಾ. ಅವಾ ಹ್ಯಾಂಗೋ ಬದುಕಾಕತ್ಯಾನ. ಈಗ ಮಂದಿ ಮುಂದ ಹೇಳಿದ್ರ ನನ್ನ ಮಾರಿ ಏನಾಗ್ತದ, ನಿನ್ನ ಮಾರಿ ಏನಾಗ್ತದ?” ಎಂದ. ಏನಾಗಬೇಕೋ ಅದು ಆಗಲಿ ಎಂದೆ. ಐಟಿಐನಲ್ಲಿ ಹುಡುಗರಿಗೂ ಹೇಳುತ್ತೇನೆ, ಬೋರ್ಡಿನ ಮೇಲೆ ಆ ಎರಡು ಸುತ್ತಿನ ಮಾತು ಬರೆದ ದಿನವೇ ಹೇಳುತ್ತೇನೆ. ಅಣ್ಣ ಭಾನುವಾರ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಶಿಲ್ಪಾ ಬರುತ್ತೇನೆ ಎಂದಿದ್ದಾಳೆ. ಅವಳು ನನ್ನ ಜೊತೆ ಬೇರೆ ಏನೂ ಮಾತಾಡಿಲ್ಲ.

ಕ್ಷಮೆ ಕೇಳುವುದು ಈ ಕಾಗದದಲ್ಲಿಲ್ಲ. ಕೇಳಿದರೆ ಕೊಡಬೇಕಾದ ಕಷ್ಟವೂ ಅವನ ಮೇಲೇ ಬೀಳುತ್ತದೆ. ನಾನು ಕಸಿದದ್ದು ಅವನ ಹೆಸರು, ಕಸಿದ ಜಾಗದಲ್ಲೇ ಅದನ್ನು ಇಟ್ಟು ಬರಬೇಕು.

ಆದರೆ ಮಾನ್ವಿಗೆ ಮೊದಲು ದೇವದುರ್ಗ. ನಾಳೆ ಶನಿವಾರ, ಹಗಲು ಪಾಳಿಯಲ್ಲಿ ಅವನು ಗೇಟಿನಲ್ಲೇ ಇರುತ್ತಾನೆ. ಕಿಟಕಿಗೆ ಬಾಗಿ ಅದನ್ನೇ ಕೇಳುತ್ತಾನೆ. ನಾನು ಕಾರಿನಿಂದ ಇಳಿದು, ಲಾರಿಯವರು ಹಾರ್ನ್ ಹೊಡೆದರೂ ಕದಲದೆ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳುತ್ತೇನೆ: “ನಾ ನೋಡಿಲ್ಲ, ಹನುಮಂತಣ್ಣಾ. ಅವತ್ತು ನೀವು ನೋಡಿದ್ರಿ.”