ನಿಂತ ಕಾರಿಗೇ ಸ್ಪ್ಯಾನರ್ ಹಾಕುವ ಗ್ಲೆನಿಸ್

ಬೆಳಗಿನ ಆರು ಗಂಟೆ. ಮುರ್ಡಿನ್ನಾ ಊರಿನ ಗೋಧಿ ತುಂಬಿಡುವ ಗೋಪುರಗಳ ಹಿಂದೆ ಆಕಾಶ ಆಗತಾನೇ ಬೂದಿಬಣ್ಣಕ್ಕೆ ತಿರುಗುತ್ತಿದೆ. ಕೆಳಗೆ ಚೆಲ್ಲಿದ ಕಾಳಿಗಾಗಿ ಗುಲಾಬಿ ಕಾಕಟೂ ಗಿಳಿಗಳು ಆಗಲೇ ಜಗಳ ಹೂಡಿವೆ. ರಸ್ತೆಯಂಚಿನ ತಗಡಿನ ಶೆಡ್ಡಿನಲ್ಲಿ ಒಂದು ಬಿಳಿಯ ಎಲೆಕ್ಟ್ರಿಕ್ ಎಸ್‌ಯುವಿ ನಿಂತಿದೆ. ಅದರ ಅಡಿಯಲ್ಲಿ, ನೆಲದೊಳಗೆ ಅಗೆದ ಆಳುದ್ದದ ಗುಂಡಿಯಲ್ಲಿ, ಹಣೆಗೆ ದೀಪ ಕಟ್ಟಿಕೊಂಡು ಗ್ಲೆನಿಸ್ ನೋಸ್ಕೆ ನಿಂತಿದ್ದಾರೆ.

ಕಾರಿನ ಒಡೆಯರು ಕಡಲತೀರದಲ್ಲಿ ಸಿಂಪಿ ಸಾಕುವವರೊಬ್ಬರು. ಇನ್ನೂರ ಎಂಬತ್ತು ಕಿಲೋಮೀಟರ್ ಓಡಿಸಿಕೊಂಡು ನಿನ್ನೆ ಸಂಜೆಯೇ ಬಂದು ಊರಿನ ಹೋಟೆಲಿನಲ್ಲಿ ತಂಗಿದ್ದಾರೆ. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಬಾಗಿಲು ತೆಗೆದರೋ ಇಲ್ಲವೋ, ಕೆಳಗಿನಿಂದ ಗದರಿಕೆ ಬರುತ್ತದೆ.

“ಇಳೀಬೇಡ ಮಾರಾಯ. ಕೂತ್ಕೊಂಡೇ ಇರು.”

“ಎಷ್ಟೊತ್ತು?”

“ಬೋಲ್ಟು ಬಿಗಿಯೋವರೆಗೂ. ನೀನೀಗ ತೂಕ, ಅಷ್ಟೇ. ಬೇಕಾದ್ರೆ ಒಂದು ನಿದ್ದೆ ತೆಗಿ.”

“ಸಿಟಿ ಶೋರೂಮಲ್ಲಾದ್ರೆ ಸೋಫಾ ಮೇಲೆ ಕೂರಿಸಿ ಕಾಫಿ ಕೊಡ್ತಾರಮ್ಮ.”

“ಕೊಡ್ತಾರೆ. ಮೂರು ತಿಂಗಳಿಗೆ ಮತ್ತೆ ಕರೆಸಿ ಮತ್ತೊಂದು ಕಾಫಿ ಕೊಡ್ತಾರೆ. ನಂದು ಒಂದೇ ಕಾಫಿ. ಕುಡಿದು ಮನೆಗೆ ಹೋಗು, ಈ ಕೆಲಸಕ್ಕೆ ಇನ್ನೊಂದ್ಸಲ ಬರ್ಬೇಡ.”

ಗ್ಲೆನಿಸ್‌ಗೆ ಈಗ ಅರವತ್ತೊಂದು. ಈ ಗುಂಡಿಯಲ್ಲಿ ಅವರ ಮೂವತ್ತೇಳು ವರ್ಷ ಕಳೆದಿದೆ. ಅದಕ್ಕೂ ಮೊದಲು ಇದು ಅವರ ತಂದೆ ಎರ್ವಿನ್ ಅವರ ಗುಂಡಿ. ಸುಣ್ಣಕಲ್ಲಿನ ನೆಲವನ್ನು ಹಾರೆಯಿಂದ ಒಂದು ಬೇಸಿಗೆಯಿಡೀ ಕುಟ್ಟಿ ಅಗೆದದ್ದು. ಕಾರನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಲಿಫ್ಟ್ ಈ ಶೆಡ್ಡಿಗೆ ಯಾವತ್ತೂ ಬರಲಿಲ್ಲ. ಉಣ್ಣೆ ಸಾಗಿಸುವ ಲಾರಿ, ಬಿತ್ತನೆಯ ಯಂತ್ರ, ಶಾಲೆಯ ಬಸ್ಸು, ಕುರಿ ಕತ್ತರಿಸುವವರ ಹಳೆಯ ವ್ಯಾನು, ಏನೇ ಬಂದರೂ ಅದು ತನ್ನ ಚಕ್ರಗಳ ಮೇಲೆಯೇ ನಿಲ್ಲುತ್ತದೆ. ಕೆಲಸಗಾರ ಕೆಳಗೆ ಇಳಿಯುತ್ತಾನೆ. ಎರ್ವಿನ್ ಅವರದ್ದು ಇನ್ನೊಂದು ಪದ್ಧತಿಯಿತ್ತು. ಲಾರಿಯ ಕೀಲುಗಳ ಬೋಲ್ಟನ್ನು ಕೊನೆಯ ಸುತ್ತು ಬಿಗಿಯುವ ಮೊದಲು ಅದು ದಿನಾ ಹೊರುವಷ್ಟು ಭಾರ ಹೇರಿಸುತ್ತಿದ್ದರು. ಉಣ್ಣೆಯ ಮೂಟೆ ಇಲ್ಲದಿದ್ದರೆ ದಾರಿಯಲ್ಲಿ ಹೋಗುವವರನ್ನೇ ಕರೆದು ಹತ್ತಿಸುತ್ತಿದ್ದರು.

“ಅಪ್ಪ ಯಾಕೆ ಅಂತ ಹೇಳ್ತಿರಲಿಲ್ಲ. ಹಂಗೇ ಮಾಡ್ಬೇಕು ಅಂತಿದ್ರು, ಮಾಡ್ತಿದ್ದೆ. ಯಾಕೆ ಅನ್ನೋದು ನಂಗೆ ಗೊತ್ತಾಗಿದ್ದು ಹೋದ ವರ್ಷ” ಎಂದು ಗ್ಲೆನಿಸ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

ಹೋದ ವರ್ಷದ ಹೊತ್ತಿಗೆ ಮುರ್ಡಿನ್ನಾದ ಸುತ್ತ ಇದೇ ಮಾದರಿಯ ಹನ್ನೊಂದು ಕಾರುಗಳಿದ್ದವು. ಇಲ್ಲಿ ಶೆಡ್ಡಿನ ತಗಡಿನ ಮೇಲೆಲ್ಲ ಸೌರಫಲಕ, ಪೆಟ್ರೋಲ್ ಬಂಕು ಮಾತ್ರ ದೂರ. ಹಾಗಾಗಿ ಜನ ಇಷ್ಟಪಟ್ಟೇ ಕೊಂಡಿದ್ದರು. ಆರೇಳು ತಿಂಗಳಿಗೆ ಒಬ್ಬೊಬ್ಬರದೂ ಒಂದೇ ದೂರು. ಹಿಂದುಗಡೆಯಿಂದ ಕಟ್ ಕಟ್ ಎಂಬ ಸದ್ದು, ತಿರುವಿನಲ್ಲಿ ಬಾಲ ಅಲ್ಲಾಡಿಸಿದಂತೆ ಓಲಾಟ, ಹಿಂದಿನ ಟಯರುಗಳು ಒಳಮಗ್ಗುಲಲ್ಲಿ ಸವೆತ. ಕಂಪನಿಯವರು ಏಳು ಗಂಟೆ ದಾರಿಯ ಪಟ್ಟಣಕ್ಕೆ ಕಾರನ್ನು ತರಿಸಿಕೊಂಡು ಹಿಂಚಕ್ರದ ಕೀಲಿನ ರಬ್ಬರ್ ಬುಷ್ ಬದಲಾಯಿಸಿ ಕಳಿಸುತ್ತಿದ್ದರು. ಮೂರು ತಿಂಗಳಿಗೆ ಸದ್ದು ಮತ್ತೆ ಹಾಜರು. ಕೊನೆಕೊನೆಗೆ ಕಾಗದವೇ ಬಂತು: ಇದು ರಸ್ತೆಯ ಗುಣ, ವಾಹನದ ದೋಷವಲ್ಲ, ಎಂಜಿನ್ ಸದ್ದಿಲ್ಲದ ಕಾರಾದ್ದರಿಂದ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ.

ಈ ಮಾತನ್ನು ಕಂಪನಿಗಿಂತ ಮೊದಲೇ ಹೇಳಿದ್ದವರು ಗ್ಲೆನಿಸ್. ಅದನ್ನು ಅವರು ಮುಚ್ಚಿಡುವುದಿಲ್ಲ. ಈ ಸೀಮೆಯ ರಸ್ತೆಗಳು ಸುಣ್ಣಕಲ್ಲಿನ ಜಲ್ಲಿ ಹಾಸಿದವು. ಮಣ್ಣು ಕೆರೆದು ಸಮ ಮಾಡುವ ಗ್ರೇಡರ್ ಯಂತ್ರ ನಾಲ್ಕು ವಾರ ಆಡದಿದ್ದರೆ ಮೇಲ್ಮೈ ಅಲೆಯಲೆಯಾಗಿ ಏಳುತ್ತದೆ. ವಾಹನದಲ್ಲಿ ಏನೇ ಕಟಕಟಿಸಿದರೂ ಊರು ಬೈಯುವುದು ಕಾರನ್ನಲ್ಲ, ಗ್ರೇಡರ್ ಓಡಿಸುವ ಮರ್ವ್ ಟ್ರೆನೋರ್ಡನ್ ಅವರನ್ನು. ನರ್ಸ್ ರೊವೀನಾ ತಮ್ಮ ಕಾರಿನ ಸದ್ದು ಹೇಳಿಕೊಂಡು ಬಂದಾಗ ಗ್ಲೆನಿಸ್ ಗುಂಡಿಗೆ ಇಳಿಯಲೂ ಇಲ್ಲ. “ಕಾರಿಗೆ ಏನೂ ಆಗಿಲ್ಲ ಕಣೇ. ಹೋಗಿ ಮರ್ವ್‌ಗೆ ಉಗಿ” ಎಂದು ಎರಡು ಸಲ ವಾಪಸ್ ಕಳಿಸಿದರು.

ರೊವೀನಾ ಮಂಗ್ಲಾಪುಸ್ ಮನಿಲಾದ ಕಡೆಯವರು. ಒಂಬತ್ತು ವರ್ಷದಿಂದ ಇಲ್ಲಿನ ಮನೆಮನೆ ನರ್ಸ್. ತಮ್ಮದೇ ಕಾರಿನಲ್ಲಿ ದಿನಕ್ಕೆ ಹದಿನಾಲ್ಕು ಮನೆ, ಇನ್ನೂರ ಅರವತ್ತು ಕಿಲೋಮೀಟರ್, ಅದರಲ್ಲಿ ಇನ್ನೂರು ಜಲ್ಲಿ ರಸ್ತೆ. ಹೊಲಗಳ ನಡುವಿನ ಒಂಟಿ ಮನೆಗಳಲ್ಲಿರುವ ವಯಸ್ಸಾದವರ ಗಾಯಕ್ಕೆ ಪಟ್ಟಿ ಕಟ್ಟುವುದು, ಇನ್ಸುಲಿನ್ ನೋಡುವುದು, ಮಾತ್ರೆ ವಿಂಗಡಿಸಿ ಇಡುವುದು ಅವರ ಕೆಲಸ. ಕಾರು ಮೂರು ಬಾರಿ ಪಟ್ಟಣಕ್ಕೆ ಹೋಗಿ ಹತ್ತತ್ತು ದಿನ ಕೂತಿತು. ಆ ದಿನಗಳಲ್ಲಿ ಹದಿನಾಲ್ಕು ಮನೆಗೂ ಯಾರೂ ಹೋಗಲಿಲ್ಲ. ಆರೋಗ್ಯ ಕಚೇರಿ ಕೈಚೆಲ್ಲಿತು. ಚಳಿಗಾಲ ಮುಗಿಯುವುದರೊಳಗೆ ನಂಬುವಂಥ ವಾಹನವಿಲ್ಲವಾದರೆ ಮನೆ ಭೇಟಿ ನಿಲ್ಲುತ್ತದೆ, ರೋಗಿಗಳೇ ನೂರಹತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಬರಬೇಕು ಎಂದು ತಿಳಿಸಿತು.

“ಎಂಬತ್ತೊಂಬತ್ತರ ಮುದುಕಿ, ಕಾಲಲ್ಲಿ ಹುಣ್ಣು, ವಾರಕ್ಕೆ ಮೂರು ದಿನ ನೂರಹತ್ತು ಕಿಲೋಮೀಟರ್ ಹೋಗ್ತಾಳಾ? ಹೋಗಲ್ಲ. ಮನೇಲೇ ಕೂತು ಕಾಲು ಕಳ್ಕೋತಾಳೆ” ಎನ್ನುತ್ತಾರೆ ರೊವೀನಾ. ಮೂರನೆಯ ಸಲ ಅವರು ಗ್ಲೆನಿಸ್‌ಗೆ ಸದ್ದಿನ ಸುದ್ದಿ ಹೇಳಲಿಲ್ಲ. ಆರೋಗ್ಯ ಕಚೇರಿ ಬರೆದ ಆ ಕಾಗದ ತೋರಿಸಿದರು. “ಅಕ್ಕ, ಬೈಕೋ, ಆದ್ರೆ ಕೆಳಗಿಳಿದು ಬೈಕೋ” ಎಂದರು.

ಗ್ಲೆನಿಸ್ ಇಳಿದರು. ಹಿಂಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಕಬ್ಬಿಣದ ತೋಳು, ಅದರ ಕೀಲಿನಲ್ಲಿ ರಬ್ಬರಿನ ಬುಷ್. ಪಟ್ಟಣದಿಂದ ಆ ವಾರವಷ್ಟೇ ಹೊಸದಾಗಿ ಹಾಕಿಸಿಕೊಂಡು ಬಂದದ್ದು. ಕಾರು ಸುಮ್ಮನೆ ನಿಂತಿದೆ, ಆದರೂ ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದೆ. ಅವರು ಒಂದು ಗಳಿಗೆ ನೋಡಿ, ಮೇಲೆ ಬಂದು, ಜಾಕ್ ಕೊಟ್ಟು ಹಿಂಭಾಗವನ್ನು ಎತ್ತಿದರು. ಚಕ್ರಗಳು ಜೋತುಬಿದ್ದವು. ಮತ್ತೆ ಇಳಿದು ನೋಡಿದರೆ ರಬ್ಬರು ನೆಟ್ಟಗಿದೆ.

“ಅಲ್ಲಿಗೆ ಗೊತ್ತಾಯ್ತು. ಲಿಫ್ಟಲ್ಲಿ ಎತ್ತಿ, ಕಾಲು ನೇತಾಡ್ತಿರೋವಾಗ್ಲೇ ಬೋಲ್ಟು ಬಿಗಿದಿದಾರೆ. ಕೆಳಗೆ ಇಳಿಸಿದ ಕ್ಷಣದಿಂದ ರಬ್ಬರಿಗೆ ತಿರುಚು. ಅದರ ಮೇಲೆ ಬ್ಯಾಟರಿ ಐದು ಕ್ವಿಂಟಲ್. ನುಣುಪು ರಸ್ತೇಲಿ ಎರಡು ವರ್ಷ ಬಾಳುತ್ತೆ, ನಮ್ಮಲ್ಲಿ ಮೂರು ತಿಂಗಳು. ಅವರು ಬುಷ್ ಬದಲಾಯಿಸ್ತಾನೇ ಇದ್ರು, ತಪ್ಪನ್ನ ಬದಲಾಯಿಸ್ಲಿಲ್ಲ.”

ತಿಳಿದದ್ದು ಒಂದು, ಒಪ್ಪಿಸುವುದು ಇನ್ನೊಂದು. ಗ್ಲೆನಿಸ್ ಕಂಪನಿಗೆ ಫೋನ್ ಮಾಡಿದರೆ ಅಧಿಕೃತ ಕೇಂದ್ರವಲ್ಲದವರ ಜೊತೆ ತಾಂತ್ರಿಕ ಮಾತಿಲ್ಲ ಎಂದರು. ಹೊರಗಿನವರು ಆ ಬೋಲ್ಟ್ ಮುಟ್ಟಿದರೆ ವಾರಂಟಿ ಅಲ್ಲಿಗೇ ಮುಗಿಯಿತು ಎಂಬ ಎಚ್ಚರಿಕೆ ಬೇರೆ. ಹನ್ನೊಂದು ಜನರಲ್ಲಿ ಹತ್ತು ಜನ ಹಿಂದೆಗೆದರು. ರೊವೀನಾ ಕೀಲಿಕೈ ಮೇಜಿನ ಮೇಲಿಟ್ಟರು.

“ಆಗದಿದ್ರೆ ನಿನ್ನ ಕಾರೂ ಹೋಯ್ತು, ರೌಂಡ್ಸೂ ಹೋಯ್ತು ಹುಡುಗಿ” ಎಂದರು ಗ್ಲೆನಿಸ್.

“ಹಿಂಗೇ ಬಿಟ್ರೂ ಹೋಗುತ್ತಲ್ಲಕ್ಕ. ಮುಟ್ಟು.”

ಗ್ಲೆನಿಸ್ ಬಲಗಡೆಯದನ್ನು ಮಾತ್ರ ಮುಟ್ಟಿದರು. ಎಡಗಡೆ ಕಂಪನಿಯವರು ಬಿಗಿದ ಹಾಗೆಯೇ ಉಳಿಯಿತು. ಕಾರು ಒಂದೇ, ದಾರಿ ಒಂದೇ, ಓಡಿಸುವವರು ಒಬ್ಬರೇ. ರಸ್ತೆಯದೇ ತಪ್ಪಾದರೆ ಎರಡೂ ಕಡೆ ಹಾಳಾಗಬೇಕು. ನಿತ್ಯದ ಭಾರ ಬೇಕಿತ್ತು: ರೊವೀನಾ ಮುಂದೆ ಕೂತರು, ಔಷಧಿ ಪೆಟ್ಟಿಗೆಗಳು ಹಿಂದೆ. ನಾಲ್ಕೈದು ಪೆಟ್ಟಿಗೆ ಕಡಿಮೆ ಬಿದ್ದವು. ಅಷ್ಟರಲ್ಲಿ ಗ್ರೇಡರಿನ ಮರ್ವ್ ಮಾಂಸದ ಪೈ ತಿನ್ನುತ್ತ ಬಾಗಿಲಿಗೆ ಬಂದರು. ಎಷ್ಟೋ ತಿಂಗಳಿಂದ ಪಬ್ಬಿನಲ್ಲಿ ಎಲ್ಲರ ಬಾಯಿಗೆ ಸಿಕ್ಕಿದ್ದ ಮನುಷ್ಯ.

“ಮರ್ವ್, ಹತ್ತಿ ಹಿಂದೆ ಕೂತ್ಕೋ.”

“ಯಾಕೆ? ಇಲ್ಲೂ ನಂದೇ ತಪ್ಪಾ?”

“ಇಲ್ಲಪ್ಪ, ನಿನ್ನ ಹೊಟ್ಟೆ ಬೇಕಿತ್ತು. ಕೂತ್ಕೋ, ಅಲ್ಲಾಡಬೇಡ.”

“ಪೈ ತಿನ್ಬಹುದಾ?”

“ತಿನ್ನು. ತೂಕ ಎಲ್ಲೂ ಹೋಗಲ್ಲ, ಕಾರೊಳಗೇ ಇರುತ್ತೆ.”

ಬೋಲ್ಟ್ ಸಡಿಲಿಸಿದ ಕೂಡಲೇ ರಬ್ಬರು ಟಪ್ಪೆಂದು ತನ್ನ ಜಾಗಕ್ಕೆ ತಿರುಗಿತಂತೆ. ಒಳಗೆ ಕೂತ ಇಬ್ಬರಿಗೂ ಅದು ಕೇಳಿಸಿತು. ಆಮೇಲೆ ಬಿಗಿದು, ಎರಡೂ ಕಡೆ ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಬಿಳಿ ಬಣ್ಣದ ಗೀಟು ಎಳೆದರು. ಯಾರಾದರೂ ತಿರುಗಿಸಿದರೆ ಗೀಟು ತುಂಡಾಗುತ್ತದೆ. ಅಂಚೆ ಕಚೇರಿಯ ಬೆವರ್ಲಿ ಅವರಿಗೆ ಸಾಕ್ಷಿ ಸಹಿ ಹಾಕುವ ಅಧಿಕಾರವಿದೆ. ಅವರು ಮೂಗು ಮುಚ್ಚಿಕೊಂಡು ಗುಂಡಿಗೆ ಇಳಿದು ನೋಡಿ, ಫೋಟೋಗಳ ಹಿಂದೆ ದಿನಾಂಕ ಬರೆದು ಮೊಹರು ಒತ್ತಿದರು.

ಹತ್ತು ವಾರ, ಹದಿಮೂರು ಸಾವಿರ ಕಿಲೋಮೀಟರ್. ಪ್ರತಿ ಶುಕ್ರವಾರ ರೊವೀನಾ ರೌಂಡ್ಸ್ ಮುಗಿಸಿ ಗುಂಡಿಯ ಮೇಲೆ ಕಾರು ತಂದು ನಿಲ್ಲಿಸುತ್ತಿದ್ದರು. ಆರನೆಯ ವಾರ ಎಡಗಡೆ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು. ಎಂಟನೆಯ ವಾರ ಕಟ್ ಕಟ್ ಶುರು, ಎಡಗಡೆ ಮಾತ್ರ. ಹನ್ನೊಂದು ಜನ ಒಡೆಯರೂ ಸಹಿ ಹಾಕಿದ ಕಾಗದದ ಜೊತೆ ಆ ಫೋಟೋಗಳು ಕಂಪನಿಗೂ ಸಾರಿಗೆ ಇಲಾಖೆಗೂ ಹೋದವು. ಹತ್ತನೆಯ ವಾರ ಕೋಸ್ಟಾ ಎಂಬ ಎಂಜಿನಿಯರನ್ನು ಕಂಪನಿಯೇ ಕಳಿಸಿಕೊಟ್ಟಿತು.

ಕೋಸ್ಟಾ ಬಂದ ದಿನ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಗುಂಡಿಯ ಅಂಚಿನಲ್ಲಿ ನಿಂತು ಇಣುಕಿದರು.

“ಮೇಲಿಂದ ಕಾಣಲ್ಲಪ್ಪ, ಇಳಿ” ಎಂದರು ಗ್ಲೆನಿಸ್.

ಇಳಿದರು. ಎಡಗಡೆಯ ಬುಷ್ ಬಾಯಿ ಬಿಟ್ಟಿತ್ತು, ಕಿರುಬೆರಳು ತೂರುವಷ್ಟು. ಬಲಗಡೆಯದರ ಧೂಳು ಒರೆಸಿದರೆ ನಿನ್ನೆ ಹಾಕಿದಂತಿತ್ತು. ಎರಡರ ಮೇಲೂ ಬಿಳಿ ಗೀಟು ಅಖಂಡ.

“ರಸ್ತೆಯ ಅಂಚು ಎಡಗಡೆಗೆ ಹೆಚ್ಚು ಪೆಟ್ಟು ಕೊಟ್ಟಿರಬಹುದು” ಎಂದು ಕೋಸ್ಟಾ ಮೆಲ್ಲಗೆ ಹೇಳಿ ನೋಡಿದರು.

ಮರ್ವ್ ಇದಕ್ಕೇ ಕಾದಿದ್ದವರಂತೆ ಮುಂದೆ ಬಂದರು. “ಆ ರಸ್ತೆ ಇಪ್ಪತ್ತೆರಡು ವರ್ಷದಿಂದ ನಾನು ಕೆರೀತಿದೀನಿ. ಅಲ್ಲಿ ಎಲ್ಲರೂ ಮಧ್ಯದಲ್ಲೇ ಓಡ್ಸೋದು. ಎಡಕ್ಕೂ ಬಲಕ್ಕೂ ಒಂದೇ ಏಟು. ಬೇಕಾದ್ರೆ ಬಾ, ಗ್ರೇಡರಲ್ಲಿ ಕೂರಿಸ್ಕೊಂಡು ತೋರಿಸ್ತೀನಿ.”

ಗ್ಲೆನಿಸ್ ಅದೇ ಮಾದರಿಯ ಇನ್ನೊಂದು ಕಾರು ತರಿಸಿದರು. ಶಾಲೆಯ ಹೆಡ್‌ಮಾಸ್ಟರರ ಕಾರು ಹಿಂದಿನ ವಾರವಷ್ಟೇ ಪಟ್ಟಣದಿಂದ ಹೊಸ ಬುಷ್ ಹಾಕಿಸಿಕೊಂಡು ಬಂದಿತ್ತು. ಅದನ್ನು ಗುಂಡಿಯ ಮೇಲೆ ನಿಲ್ಲಿಸಿ ಜಾಕನ್ನು ಕೋಸ್ಟಾ ಕೈಗೇ ಕೊಟ್ಟರು. ಎತ್ತಿದರೆ ನೆಟ್ಟಗೆ, ಇಳಿಸಿದರೆ ತಿರುಚು. ಕೋಸ್ಟಾ ನಾಲ್ಕು ಸಲ ಎತ್ತಿ ಇಳಿಸಿದರು. ಐದನೆಯ ಸಲ ಜಾಕ್ ಬಿಟ್ಟು ಗೋಡೆಗೆ ಒರಗಿ, “ನಮ್ಮ ಕೈಪಿಡಿಯಲ್ಲಿ ಈ ಸಾಲೇ ಇಲ್ಲ” ಎಂದರು. ಆಮೇಲೆ, “ಕಾರ್ಖಾನೆಯಲ್ಲೂ ನೇತುಹಾಕಿಯೇ ಬಿಗೀತೀವಿ” ಎಂದರು. ಶೆಡ್ಡಿನಲ್ಲಿ ಎದ್ದ ಕೇಕೆಗೆ ಗೋಪುರದ ಕಾಕಟೂಗಳೆಲ್ಲ ಹಾರಿಹೋದವು ಎಂದು ಬೆವರ್ಲಿ ಇವತ್ತಿಗೂ ಹೇಳುತ್ತಾರೆ.

ಏಳು ವಾರಗಳಲ್ಲಿ ಕಂಪನಿಯ ಪ್ರಕಟಣೆ ಬಂತು. ದೇಶದಲ್ಲಿರುವ ಆ ಮಾದರಿಯ ಅಷ್ಟೂ ಕಾರುಗಳನ್ನು ವಾಪಸ್ ಕರೆದು ಹೊಸ ಬುಷ್ ಹಾಕಿಕೊಡುತ್ತಾರೆ. ಕೈಪಿಡಿಗೆ ಒಂದು ಸಾಲು ಸೇರಿದೆ: ವಾಹನ ನಿತ್ಯದ ಭಾರದೊಂದಿಗೆ ತನ್ನ ಚಕ್ರಗಳ ಮೇಲೆ ನಿಂತಿರುವಾಗ ಮಾತ್ರ ಅಂತಿಮವಾಗಿ ಬಿಗಿಗೊಳಿಸಬೇಕು. ಹೊರಗಿನವರು ಮುಟ್ಟಿದ ರೊವೀನಾರ ಕಾರಿಗೂ ವಾರಂಟಿ ಮರಳಿತು. ಪಟ್ಟಣ ದೂರವಿರುವವರ ಕಾರುಗಳ ಕೆಲಸವನ್ನು ಕಂಪನಿ ಗ್ಲೆನಿಸ್‌ಗೇ ವಹಿಸಿದೆ. ವಾರಕ್ಕೆ ಆರು ಕಾರು, ಈವರೆಗೆ ತೊಂಬತ್ತಮೂರು. ಒಂದೂ ಸದ್ದು ಮಾಡಿಕೊಂಡು ತಿರುಗಿ ಬಂದಿಲ್ಲ.

ಪ್ರಕಟಣೆಯಲ್ಲಿ ಗ್ಲೆನಿಸ್ ಹೆಸರಿಲ್ಲ. ‘ಕ್ಷೇತ್ರ ಪರಿಶೀಲನೆಯಿಂದ ತಿಳಿದುಬಂದಂತೆ’ ಎಂದಷ್ಟೇ ಇದೆ. ಊರಿಗೆ ಸಿಟ್ಟು, ಅವರಿಗಿಲ್ಲ. “ನಾನೇ ಎರಡು ಸಲ ಆ ಹುಡುಗೀನ ವಾಪಸ್ ಕಳಿಸಿದ್ದೆ. ಅದನ್ನ ಬರೀಲಿಲ್ವಲ್ಲ ಅಂತ ಖುಷಿ ನಂಗೆ” ಎಂದು ನಗುತ್ತಾರೆ. ಮರ್ವ್‌ಗೆ ಒಂದು ಪೆಟ್ಟಿಗೆ ಬಿಯರ್ ಹೊತ್ತುಕೊಂಡು ಹೋಗಿ ಮನೆ ಬಾಗಿಲಲ್ಲಿಟ್ಟು ಬಂದಿದ್ದಾರೆ. ಸುಮ್ಮನೆ ಒಬ್ಬನನ್ನು ದೂರಿದರೆ ಇಲ್ಲಿ ಅದೇ ತಪ್ಪುಕಾಣಿಕೆ. ಹನ್ನೊಂದು ಕಾರುಗಳ ಒಡೆಯರೂ ಒಂದೊಂದು ಪೆಟ್ಟಿಗೆ ಕೊಟ್ಟಿದ್ದಾರಂತೆ. ಬೇಸಿಗೆಯಿಡೀ ಮರ್ವ್ ತಮ್ಮ ಕೈಯಿಂದ ಬಿಯರ್ ಕೊಳ್ಳಲಿಲ್ಲ.

ರೊವೀನಾರ ರೌಂಡ್ಸ್ ನಿಲ್ಲಲಿಲ್ಲ. ಆರೋಗ್ಯ ಕಚೇರಿ ಕಡಲ ಕಡೆಯ ಐದು ಮನೆಗಳನ್ನು ಸೇರಿಸಿದೆ, ಈಗ ಹತ್ತೊಂಬತ್ತು. ಎಂಬತ್ತೊಂಬತ್ತರ ಅಜ್ಜಿಯ ಕಾಲಿನ ಹುಣ್ಣು ವಾಸಿಯಾಗಿದೆ. ಅವರು ಕೋಳಿಗೂಡಿನವರೆಗೆ ನಡೆದು ಮೊಟ್ಟೆ ತಂದು ರೊವೀನಾರ ಕೈಯಲ್ಲಿ ಗ್ಲೆನಿಸ್‌ಗೆ ಕಳಿಸಿಕೊಡುತ್ತಾರೆ.

ನಿಮಗೇನಾದರೂ ಆಸೆ ಉಳಿದಿದೆಯೇ ಎಂದರೆ ಗ್ಲೆನಿಸ್ ತಮ್ಮ ಮಂಡಿ ನೀವಿಕೊಳ್ಳುತ್ತ ಯೋಚಿಸುತ್ತಾರೆ. ಅವರ ಮನೆಯಿರುವುದೂ ಅದೇ ಜಲ್ಲಿ ರಸ್ತೆಯಲ್ಲಿ, ಊರಿನಿಂದ ಮೂವತ್ತೆಂಟು ಕಿಲೋಮೀಟರ್ ಒಳಗೆ.

“ನಂಗೂ ವಯಸ್ಸಾಗುತ್ತಲ್ಲ. ಒಂದಿನ ನನ್ನ ಕಾಲಿಗೂ ಯಾರಾದ್ರೂ ಪಟ್ಟಿ ಕಟ್ಬೇಕಾಗುತ್ತೆ. ಆವತ್ತು ಊರು ಬಿಟ್ಟು ಎಲ್ಲಿಗೂ ಹೋಗೋಕೆ ನಂಗಿಷ್ಟ ಇಲ್ಲ. ಆ ರಸ್ತೇಲಿ ನರ್ಸು ನನ್ನ ಮನೆಗೂ ಬರ್ಲಿ, ಅಷ್ಟು ಸಾಕು” ಎನ್ನುತ್ತಾರೆ. ಸ್ಪ್ಯಾನರ್ ಎತ್ತಿಕೊಳ್ಳುತ್ತ, ತಮಗೇ ಹೇಳಿಕೊಂಡಂತೆ ಸೇರಿಸುತ್ತಾರೆ: “ಬರ್ತಾರೆ ಬಿಡು. ಆ ಕಾರು ನಂಗೊತ್ತು.”